ಸ್ಥಳೀಯ ಸಂಸ್ಥೆ ಚುನಾವಣೆ: ಯುವ ಅಭ್ಯರ್ಥಿಯ ಆದ್ಯತೆಗಳೇನು?

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಕೊನೆಯ ಬಾರಿ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆ ಮತದಾನ ಮುಗಿದ ಬಳಿಕ 18 ವರ್ಷ ತುಂಬಿದ ಬೆಂಗಳೂರಿನ ಯುವಕನೊಬ್ಬ ಅಥವಾ ಯುವತಿಯೊಬ್ಬಳು 2025ರ ಅಂತ್ಯಕ್ಕೆ 28ರ ವಯಸ್ಸನ್ನು ತಲುಪಿದ್ದರೂ ತಮ್ಮ ವಾರ್ಡಿನ ಪ್ರತಿನಿಧಿಯನ್ನು ಒಮ್ಮೆಯೂ ಆರಿಸಿರಲಿಲ್ಲ. ಸ್ಪರ್ಧಿಸುವ ಅವಕಾಶವಂತೂ ದೂರದ ಮಾತಾಗಿತ್ತು. ಈ ಅವಧಿಯಲ್ಲಿ ಅವರು ಲೋಕಸಭೆಗೂ ವಿಧಾನಸಭೆಗೂ ಮತ ಹಾಕಿದ್ದಾರೆ. ಆದರೆ ಬೀದಿ ದೀಪ ಕೆಟ್ಟಾಗ, ಕಸದ ವಾಹನ ಬಾರದಿದ್ದಾಗ ಕದ ತಟ್ಟಬೇಕಾದ ಮನೆಯೇ ಅವರ ವಾರ್ಡಿನಲ್ಲಿ ಇರಲಿಲ್ಲ.

ಚುನಾವಣೆ ತಡವಾದಷ್ಟೂ ಆಕಾಂಕ್ಷಿಗಳ ಸಂಖ್ಯೆ ಬೆಳೆಯುತ್ತದೆ. ಅವರಲ್ಲಿ ಮೊದಲ ಬಾರಿ ಕಣಕ್ಕಿಳಿಯುವ ಯುವಜನರ ಪಾಲು ಸಣ್ಣದಲ್ಲ. ಇಂಥ ಅಭ್ಯರ್ಥಿ ಯಾವುದಕ್ಕೆ ಆದ್ಯತೆ ನೀಡಬೇಕು, ಏನನ್ನು ಭರವಸೆಯಾಗಿ ನೀಡಬಹುದು, ಯಾವುದು ಆತನ ಅಧಿಕಾರದ ವ್ಯಾಪ್ತಿಗೇ ಸೇರುವುದಿಲ್ಲ ಎಂಬ ಪ್ರಶ್ನೆಗಳು ಅಭ್ಯರ್ಥಿಗೆ ಎಷ್ಟು ಮುಖ್ಯವೋ ಮತದಾರನಿಗೂ ಅಷ್ಟೇ ಮುಖ್ಯ.

ವಯಸ್ಸು ಮತ್ತು ಅರ್ಹತೆ

ಲೋಕಸಭೆ ಮತ್ತು ವಿಧಾನಸಭೆಗೆ ಸ್ಪರ್ಧಿಸಲು ಕನಿಷ್ಠ 25 ವರ್ಷ ವಯಸ್ಸಾಗಿರಬೇಕು. ಸ್ಥಳೀಯ ಸಂಸ್ಥೆಗಳಿಗೆ ಈ ಮಿತಿ 21 ವರ್ಷ. ಸಂವಿಧಾನದ 73ನೇ ತಿದ್ದುಪಡಿಯ ಮೂಲಕ ಸೇರಿದ 243ಎಫ್ ವಿಧಿ ಪಂಚಾಯಿತಿಗಳಿಗೂ, 74ನೇ ತಿದ್ದುಪಡಿಯ ಮೂಲಕ ಸೇರಿದ 243ವಿ ವಿಧಿ ನಗರ ಸಂಸ್ಥೆಗಳಿಗೂ ಇದೇ ವಯೋಮಿತಿಯನ್ನು ನಿಗದಿಪಡಿಸಿವೆ. ಈ ಎರಡೂ ತಿದ್ದುಪಡಿಗಳು 1993ರಲ್ಲಿ ಜಾರಿಗೆ ಬಂದವು. ಪದವಿ ಮುಗಿಸಿದ ವರ್ಷವೇ ಯುವಕನೊಬ್ಬ ಜನಪ್ರತಿನಿಧಿಯಾಗಬಹುದಾದ ಏಕೈಕ ವೇದಿಕೆ ಸ್ಥಳೀಯ ಸಂಸ್ಥೆ.

ಅಭ್ಯರ್ಥಿಯ ಹೆಸರು ಆಯಾ ಸಂಸ್ಥೆಯ ಮತದಾರರ ಪಟ್ಟಿಯಲ್ಲಿ ಇರಲೇಬೇಕು. ಓದಿಗಾಗಿಯೋ ಉದ್ಯೋಗಕ್ಕಾಗಿಯೋ ಬೇರೆ ಊರಿನಲ್ಲಿ ನೆಲೆಸಿ, ಹೆಸರನ್ನು ಅಲ್ಲಿಗೆ ವರ್ಗಾಯಿಸಿಕೊಂಡ ಯುವಜನರು ಹಲವು ಬಾರಿ ಎಡವುವುದು ಈ ಹಂತದಲ್ಲಿಯೇ. ಮೀಸಲು ಸ್ಥಾನದಿಂದ ಸ್ಪರ್ಧಿಸುವವರಿಗೆ ಜಾತಿ ಪ್ರಮಾಣಪತ್ರ ಬೇಕು. ಸಂಸ್ಥೆಯೊಡನೆ ಗುತ್ತಿಗೆ ಸಂಬಂಧ ಹೊಂದಿದವರು ಮತ್ತು ಸರ್ಕಾರದಲ್ಲಿ ಲಾಭದಾಯಕ ಹುದ್ದೆಯಲ್ಲಿರುವವರು ಅನರ್ಹರಾಗುತ್ತಾರೆ. ಆದುದರಿಂದ ತಂದೆಯ ಅಥವಾ ಸೋದರನ ಗುತ್ತಿಗೆ ವ್ಯವಹಾರದಲ್ಲಿ ಪಾಲುದಾರರಾಗಿರುವವರು ನಾಮಪತ್ರ ಸಲ್ಲಿಸುವ ಮುನ್ನವೇ ವಕೀಲರೊಬ್ಬರ ಸಲಹೆ ಪಡೆಯುವುದು ಕ್ಷೇಮ.

ಕರ್ನಾಟಕದಲ್ಲಿ ಶೈಕ್ಷಣಿಕ ಅರ್ಹತೆಯ ನಿರ್ಬಂಧವಿಲ್ಲ. ಹರಿಯಾಣ 2015ರಲ್ಲಿ ಪಂಚಾಯಿತಿ ಅಭ್ಯರ್ಥಿಗಳಿಗೆ ಇಂಥ ನಿರ್ಬಂಧ ವಿಧಿಸಿದಾಗ ಸುಪ್ರೀಂ ಕೋರ್ಟ್ ಅದೇ ವರ್ಷದ ಡಿಸೆಂಬರ್‌ನಲ್ಲಿ ಅದನ್ನು ಎತ್ತಿಹಿಡಿದಿತ್ತು. ರಾಜಸ್ಥಾನವೂ ಇಂಥದೇ ನಿಯಮ ತಂದಿತ್ತಾದರೂ 2019ರಲ್ಲಿ ಹಿಂತೆಗೆದುಕೊಂಡಿತು. ಶಾಲೆಯ ಮೆಟ್ಟಿಲು ಹತ್ತದ ಹಿರಿಯ ಮಹಿಳೆ ಮತ್ತು ಎಂಜಿನಿಯರಿಂಗ್ ಪದವೀಧರ ಒಂದೇ ವಾರ್ಡಿನಲ್ಲಿ ಸಮಾನರಾಗಿ ಸ್ಪರ್ಧಿಸುವುದಕ್ಕೆ ನಮ್ಮ ರಾಜ್ಯದ ಕಾನೂನು ಅವಕಾಶ ನೀಡುತ್ತದೆ. ಪದವಿಯೊಂದನ್ನೇ ತನ್ನ ಅರ್ಹತೆಯೆಂದು ಬಿಂಬಿಸಿಕೊಳ್ಳುವ ಯುವ ಅಭ್ಯರ್ಥಿ ಇದನ್ನು ಮರೆಯಬಾರದು.

ಯಾವ ಸಂಸ್ಥೆ, ಎಷ್ಟು ಅಧಿಕಾರ?

ಪ್ರಣಾಳಿಕೆ ಬರೆಯುವ ಮುನ್ನ ತಾನು ಪ್ರವೇಶಿಸಬಯಸುವ ಸಂಸ್ಥೆಯ ಸ್ವರೂಪವನ್ನು ತಿಳಿಯುವುದು ಮೊದಲ ಕೆಲಸ. ರಾಜ್ಯದಲ್ಲಿ 10 ಸಾವಿರದಿಂದ 20 ಸಾವಿರದವರೆಗಿನ ಜನಸಂಖ್ಯೆಯ ಊರುಗಳಿಗೆ ಪಟ್ಟಣ ಪಂಚಾಯಿತಿ, 50 ಸಾವಿರದವರೆಗೆ ಪುರಸಭೆ, 3 ಲಕ್ಷದವರೆಗೆ ನಗರಸಭೆ, ಅದಕ್ಕೂ ಮೇಲ್ಪಟ್ಟ ನಗರಗಳಿಗೆ ಮಹಾನಗರ ಪಾಲಿಕೆ ಎಂಬುದು ಸ್ಥೂಲವಾದ ವಿಂಗಡಣೆ. ಮೊದಲ ಮೂರು 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯಡಿ ನಡೆದರೆ, ಪಾಲಿಕೆಗಳಿಗೆ 1976ರ ಕಾಯ್ದೆ ಅನ್ವಯಿಸುತ್ತದೆ. ಬೆಂಗಳೂರಿಗೆ ಪ್ರತ್ಯೇಕ ಕಾನೂನಿದೆ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಜಾರಿಗೆ ಬಂದು, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹಳೆಯ ಪಾಲಿಕೆಯ ಜಾಗದಲ್ಲಿ 5 ನಗರ ಪಾಲಿಕೆಗಳು ರಚನೆಯಾದವು. ಗ್ರಾಮೀಣ ಭಾಗದಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿಗಳಿದ್ದು, 2020ರ ಡಿಸೆಂಬರ್ ಚುನಾವಣೆಯಲ್ಲಿ 90 ಸಾವಿರಕ್ಕೂ ಹೆಚ್ಚು ಸದಸ್ಯ ಸ್ಥಾನಗಳಿದ್ದವು.

ಸಂವಿಧಾನದ 12ನೇ ಅನುಸೂಚಿ ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು, 11ನೇ ಅನುಸೂಚಿ ಪಂಚಾಯಿತಿಗಳಿಗೆ ಸಂಬಂಧಿಸಿದ 29 ವಿಷಯಗಳನ್ನು ಪಟ್ಟಿ ಮಾಡಿವೆ. ಆದರೆ ಪಟ್ಟಿಯಲ್ಲಿರುವುದೆಲ್ಲವೂ ಸದಸ್ಯನ ಕೈಯಲ್ಲಿದೆ ಎಂದಲ್ಲ. ಬೆಂಗಳೂರಿನಲ್ಲಿ ಕುಡಿಯುವ ನೀರು ಮತ್ತು ಒಳಚರಂಡಿ ಜಲಮಂಡಳಿಯ ಹೊಣೆ. ಇತರ ಊರುಗಳಲ್ಲಿ ದೊಡ್ಡ ನೀರಿನ ಯೋಜನೆಗಳನ್ನು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಕೈಗೊಳ್ಳುತ್ತದೆ. ವಿದ್ಯುತ್ ಪೂರೈಕೆ ಎಸ್ಕಾಂಗಳದ್ದು, ಸಂಚಾರ ನಿಯಂತ್ರಣ ಪೊಲೀಸರದ್ದು, ಸರ್ಕಾರಿ ಶಾಲೆ ಶಿಕ್ಷಣ ಇಲಾಖೆಯದ್ದು. ಪಾಲಿಕೆ ಸದಸ್ಯನಾಗಲು ಹೊರಟವನು ಪೊಲೀಸ್ ಠಾಣೆ ತರುವ, ಆಸ್ಪತ್ರೆ ಕಟ್ಟಿಸುವ, ಉದ್ಯೋಗ ಕೊಡಿಸುವ ಮಾತಾಡಿದರೆ ಅದು ಅರಿವಿನ ಕೊರತೆ, ಇಲ್ಲವೇ ಮತದಾರನ ದಾರಿ ತಪ್ಪಿಸುವ ಯತ್ನ.

ಇನ್ನೊಂದು ಮಿತಿಯೂ ಇದೆ. ಕಾಮಗಾರಿಗೆ ಆದೇಶ ನೀಡುವ, ಬಿಲ್ ಪಾವತಿಸುವ ಕಾರ್ಯಾಂಗದ ಅಧಿಕಾರ ಪಾಲಿಕೆಯಲ್ಲಿ ಆಯುಕ್ತರಿಗೆ, ನಗರಸಭೆಯಲ್ಲಿ ಪೌರಾಯುಕ್ತರಿಗೆ, ಪುರಸಭೆ ಹಾಗೂ ಪಟ್ಟಣ ಪಂಚಾಯಿತಿಗಳಲ್ಲಿ ಮುಖ್ಯಾಧಿಕಾರಿಗೆ ಸೇರಿದೆ. ಸದಸ್ಯನ ಬಲ ಇರುವುದು ಸಭೆಯಲ್ಲಿ, ಸ್ಥಾಯಿ ಸಮಿತಿಯಲ್ಲಿ, ಬಜೆಟ್‌ನಲ್ಲಿ ಮತ್ತು ಪ್ರಶ್ನೆ ಕೇಳುವ ಹಕ್ಕಿನಲ್ಲಿ. ಈ ನಾಲ್ಕನ್ನೂ ಬಳಸಲು ಕಲಿಯದವನು ಐದು ವರ್ಷವೂ ಅಧಿಕಾರಿಗಳ ಕೊಠಡಿಯ ಹೊರಗೆ ಅರ್ಜಿ ಹಿಡಿದು ನಿಲ್ಲಬೇಕಾಗುತ್ತದೆ.

ಮೊದಲನೆಯದು ನೀರು

ರಾಜ್ಯದ ಬಹುತೇಕ ಊರುಗಳಲ್ಲಿ ವಾರ್ಡ್ ಚುನಾವಣೆಯ ಮೊದಲ ವಿಷಯ ನೀರೇ. ಒಳಚರಂಡಿ ಇರುವ ನಗರಗಳಲ್ಲಿ ತಲಾ ದಿನಕ್ಕೆ 135 ಲೀಟರ್, 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಅಡಿ ಗ್ರಾಮೀಣ ಪ್ರದೇಶದಲ್ಲಿ ತಲಾ 55 ಲೀಟರ್ ಎಂಬುದು ಅಂಗೀಕೃತ ಮಾನದಂಡ. ಕಾಗದದ ಮೇಲಿನ ಈ ಸರಾಸರಿ ಬೀದಿಯಿಂದ ಬೀದಿಗೆ ಬದಲಾಗುತ್ತದೆ. ತಗ್ಗಿನ ಬಡಾವಣೆಯ ತೊಟ್ಟಿ ತುಂಬಿ ಹರಿಯುವಾಗ ದಿಬ್ಬದ ಮೇಲಿನ ಕೊನೆಯ ಮನೆಯ ನಲ್ಲಿಯಲ್ಲಿ ಗಾಳಿ ಮಾತ್ರ ಬರುತ್ತಿರುತ್ತದೆ.

ಯುವ ಅಭ್ಯರ್ಥಿ ಮನೆಮನೆಗೆ ಹೋಗುವಾಗ ಕರಪತ್ರ ಹಂಚುವುದರ ಜೊತೆಗೆ, ಯಾವ ಬೀದಿಗೆ ಎಷ್ಟು ದಿನಕ್ಕೊಮ್ಮೆ, ಯಾವ ಹೊತ್ತಿಗೆ, ಎಷ್ಟು ಸಮಯ ನೀರು ಬರುತ್ತದೆ ಎಂಬುದನ್ನು ಬರೆದುಕೊಂಡರೆ ವಾರ್ಡಿನ ನಿಜವಾದ ನಕ್ಷೆ ಕೈಗೆ ಸಿಗುತ್ತದೆ. ಕವಾಟ ತಿರುಗಿಸುವ ನೀರುಗಂಟಿಯೊಡನೆ ಒಂದು ಬೆಳಗು ನಡೆದಾಡಿದರೆ ಎಂಜಿನಿಯರ್ ವರದಿಯಲ್ಲಿ ಇಲ್ಲದ ಸಂಗತಿಗಳೂ ತಿಳಿಯುತ್ತವೆ. ಸಮಸ್ಯೆ ಮೂಲದಲ್ಲಿದೆಯೇ, ಮೇಲ್ಮಟ್ಟದ ತೊಟ್ಟಿಯ ಸಾಮರ್ಥ್ಯದಲ್ಲಿದೆಯೇ, ಹಳೆಯ ಕೊಳವೆಯ ಸೋರಿಕೆಯಲ್ಲಿದೆಯೇ ಅಥವಾ ಹಂಚಿಕೆಯ ವೇಳಾಪಟ್ಟಿಯಲ್ಲಿದೆಯೇ ಎಂಬುದನ್ನು ಬೇರ್ಪಡಿಸುವುದು ಅಗತ್ಯ. ಮೊದಲ ಮೂರಕ್ಕೆ ಹಣ ಬೇಕು. ನಾಲ್ಕನೆಯದನ್ನು ಸಭೆಯ ಒಂದು ನಿರ್ಣಯದಿಂದ ಸರಿಪಡಿಸಬಹುದು.

ದಿನದ 24 ಗಂಟೆ ನೀರು ನೀಡುವುದು ಕನಸಲ್ಲ ಎಂಬುದನ್ನು ಹುಬ್ಬಳ್ಳಿ–ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಆಯ್ದ ವಲಯಗಳಲ್ಲಿ 2008ರಿಂದ ನಡೆದ ಪ್ರಾತ್ಯಕ್ಷಿಕೆ ತೋರಿಸಿದೆ. ಅದನ್ನು ಇಡೀ ನಗರಕ್ಕೆ ವಿಸ್ತರಿಸಲು ವರ್ಷಗಳೇ ಹಿಡಿದವು ಎಂಬುದೂ ಅಷ್ಟೇ ಸತ್ಯ. ಹೀಗಾಗಿ ‘ಗೆದ್ದರೆ ನಿತ್ಯ ನೀರು’ ಎನ್ನುವುದಕ್ಕಿಂತ ‘ವಾರಕ್ಕೊಮ್ಮೆ ಬರುವ ಬೀದಿಗೆ ಮೂರು ದಿನಕ್ಕೊಮ್ಮೆ, ನಿಗದಿತ ವೇಳೆಗೆ’ ಎಂಬ ಭರವಸೆ ಪ್ರಾಮಾಣಿಕವಾದುದು. ಅದು ಈಡೇರಿತೋ ಇಲ್ಲವೋ ಎಂಬುದನ್ನು ಮತದಾರ ಅಳೆದು ನೋಡಬಹುದು.

ಕಸ, ಚರಂಡಿ ಮತ್ತು ಪೌರಕಾರ್ಮಿಕರು

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯಲ್ಲೇ ಹಸಿ, ಒಣ ಮತ್ತು ಅಪಾಯಕಾರಿ ತ್ಯಾಜ್ಯವೆಂದು ಮೂರಾಗಿ ವಿಂಗಡಿಸುವುದನ್ನು ಕಡ್ಡಾಯಗೊಳಿಸಿದವು. ವಿಂಗಡಿಸಿ ಕೊಟ್ಟ ಕಸವನ್ನು ವಾಹನದಲ್ಲಿ ಮತ್ತೆ ಒಂದುಗೂಡಿಸುವ ದೃಶ್ಯ ಕಂಡ ಗೃಹಿಣಿ ಮರುದಿನದಿಂದ ವಿಂಗಡಿಸುವುದನ್ನೇ ಬಿಡುತ್ತಾಳೆ. ಈ ವಿಷಯದಲ್ಲಿ ವಾರ್ಡ್ ಸದಸ್ಯನ ಉಸ್ತುವಾರಿಯಿಂದ ಫಲ ದೊರೆಯುತ್ತದೆ. ವಾಹನದ ಮಾರ್ಗ ಮತ್ತು ವೇಳೆಯನ್ನು ಬೀದಿಯಲ್ಲಿ ಪ್ರಕಟಿಸುವುದು, ಗುತ್ತಿಗೆ ಕರಾರಿನ ಪ್ರತಿಯನ್ನು ಪಡೆದು ಎಷ್ಟು ವಾಹನ, ಎಷ್ಟು ಸಿಬ್ಬಂದಿ ಎಂಬುದನ್ನು ತಾಳೆ ನೋಡುವುದು, ಕಸ ಸುರಿಯುವ ಮೂಲೆಗಳನ್ನು ಗುರುತಿಸಿ ಕಣ್ಗಾವಲು ಇಡುವುದು ಹೆಚ್ಚು ಹಣ ಬೇಡದ ಕೆಲಸಗಳು.

ಕಸದ ಮಾತಾಡುವವರು ಅದನ್ನು ಎತ್ತುವವರ ಮಾತನ್ನೂ ಆಡಬೇಕು. ಪೌರಕಾರ್ಮಿಕರ ವೇತನ ಸಕಾಲಕ್ಕೆ ಪಾವತಿಯಾಗುತ್ತಿದೆಯೇ, ಕೈಗವಸು ಹಾಗೂ ಬೂಟು ದೊರೆತಿವೆಯೇ, ಮಹಿಳಾ ಕಾರ್ಮಿಕರಿಗೆ ಶೌಚಾಲಯ ಮತ್ತು ವಿಶ್ರಾಂತಿಗೆ ಜಾಗ ಇದೆಯೇ ಎಂಬುದು ಸಭೆಯಲ್ಲಿ ಕೇಳಲೇಬೇಕಾದ ಪ್ರಶ್ನೆ. ಮಲ ಹೊರುವ ಪದ್ಧತಿಯನ್ನೂ, ಸುರಕ್ಷಾ ಸಾಧನವಿಲ್ಲದೆ ಒಳಚರಂಡಿ ಮತ್ತು ಶೌಚಗುಂಡಿಗೆ ಮನುಷ್ಯರನ್ನು ಇಳಿಸುವುದನ್ನೂ 2013ರ ಕಾಯ್ದೆ ನಿಷೇಧಿಸಿದೆ. ಇಂಥ ಸಾವುಗಳಿಗೆ ನೀಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 30 ಲಕ್ಷ ರೂಪಾಯಿಗೆ ಏರಿಸಿತು. ವಾರ್ಡಿನಲ್ಲಿ ಕಟ್ಟಿಕೊಂಡ ಮ್ಯಾನ್‌ಹೋಲ್ ಬಗ್ಗೆ ದೂರು ಬಂದಾಗ ‘ಯಾರನ್ನಾದರೂ ಇಳಿಸಿ ತೆಗೆಸಿ’ ಎನ್ನದೆ, ಜೆಟ್ಟಿಂಗ್ ಯಂತ್ರ ಬರುವವರೆಗೆ ಪಟ್ಟು ಹಿಡಿದು ಕಾಯುವ ಸದಸ್ಯ ಒಂದು ಜೀವವನ್ನು ಉಳಿಸಿರುತ್ತಾನೆ.

ಬೀದಿಬದಿ ವ್ಯಾಪಾರಿಗಳ ವಿಷಯವೂ ಇದರೊಡನೆ ಸೇರುತ್ತದೆ. 2014ರ ಕಾಯ್ದೆಯಂತೆ ಪ್ರತಿ ಊರಿನಲ್ಲಿ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಕನಿಷ್ಠ ಶೇ 40ರಷ್ಟು ಮಂದಿ ವ್ಯಾಪಾರಿಗಳಿಂದಲೇ ಚುನಾಯಿತರಾಗಿರಬೇಕು. ಪಾದಚಾರಿ ಮಾರ್ಗ ತೆರವು ಮಾಡಿಸುತ್ತೇನೆಂದು ಅಂಗಡಿ ಮಾಲೀಕರಿಗೂ, ಎತ್ತಂಗಡಿ ಮಾಡಿಸುವುದಿಲ್ಲವೆಂದು ಗಾಡಿಯವರಿಗೂ ಏಕಕಾಲಕ್ಕೆ ಮಾತು ಕೊಡುವುದು ಹಳೆಯ ರಾಜಕೀಯ. ಸಮೀಕ್ಷೆ ನಡೆಸಿ, ವ್ಯಾಪಾರ ವಲಯ ಗುರುತಿಸಿ, ಗುರುತಿನ ಚೀಟಿ ಕೊಡಿಸುವುದು ಕಾನೂನು ತೋರಿದ ದಾರಿ.

ಹಣದ ಲೆಕ್ಕ

ಸ್ಥಳೀಯ ಸಂಸ್ಥೆಯ ಬೊಕ್ಕಸಕ್ಕೆ ಹಣ ಬರುವ ಮುಖ್ಯ ಮಾರ್ಗಗಳು ಮೂರು: ಸ್ವಂತ ತೆರಿಗೆ ಮತ್ತು ಶುಲ್ಕ, ರಾಜ್ಯ ಸರ್ಕಾರದ ಅನುದಾನ, ಕೇಂದ್ರ ಹಣಕಾಸು ಆಯೋಗದ ಅನುದಾನ. ಇವುಗಳಲ್ಲಿ ಸಂಸ್ಥೆ ತನ್ನಿಚ್ಛೆಯಂತೆ ಬಳಸಬಹುದಾದ ಪಾಲು ಸಣ್ಣದು. ಉದಾಹರಣೆಗೆ, 15ನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಅವಧಿಗೆ ಗ್ರಾಮೀಣ ಸಂಸ್ಥೆಗಳಿಗೆ ನೀಡಿದ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು. ‘ಅನುದಾನ ತಂದು ಸಮುದಾಯ ಭವನ ಕಟ್ಟಿಸುವೆ’ ಎನ್ನುವ ಅಭ್ಯರ್ಥಿಗೆ ಯಾವ ಲೆಕ್ಕ ಶೀರ್ಷಿಕೆಯಿಂದ ಎಂಬ ಪ್ರಶ್ನೆ ಹಾಕಿದರೆ ಉತ್ತರ ಸಿಗುವುದು ಕಷ್ಟ.

ಸ್ವಂತ ಸಂಪನ್ಮೂಲದಲ್ಲಿ ಮುಖ್ಯವಾದುದು ಆಸ್ತಿ ತೆರಿಗೆ. ಮಾಲೀಕರೇ ಲೆಕ್ಕ ಹಾಕಿ ಪಾವತಿಸುವ ಸ್ವಯಂಘೋಷಿತ ಪದ್ಧತಿ ರಾಜ್ಯದಲ್ಲಿ ರೂಢಿಯಲ್ಲಿದೆ. ತೆರಿಗೆಯ ಮಾತು ಮತ ತರುವುದಿಲ್ಲವೆಂದು ಅಭ್ಯರ್ಥಿಗಳು ಅದರ ಸುದ್ದಿಯನ್ನೇ ಎತ್ತುವುದಿಲ್ಲ. ಆದರೆ ಖಾತೆಯಾಗದ, ಲೆಕ್ಕಕ್ಕೆ ಸಿಗದ ಆಸ್ತಿಗಳು ಹೆಚ್ಚಿದಷ್ಟೂ ಕ್ರಮಬದ್ಧವಾಗಿ ಪಾವತಿಸುವ ಮಧ್ಯಮ ವರ್ಗದ ಮೇಲೆ ಹೊರೆ ಬೀಳುತ್ತದೆ. ಗ್ರಾಮ ಪಂಚಾಯಿತಿಗಳಲ್ಲಿ ಇ–ಸ್ವತ್ತು, ನಗರ ಸಂಸ್ಥೆಗಳಲ್ಲಿ ಇ–ಆಸ್ತಿ ತಂತ್ರಾಂಶಗಳು ಬಂದ ಮೇಲೆ ಖಾತೆಗಾಗಿ ನಡೆಯುವ ಅಲೆದಾಟ ಸಾರ್ವಜನಿಕರ ದೊಡ್ಡ ದೂರುಗಳಲ್ಲಿ ಒಂದಾಗಿದೆ. ವಾರ್ಡಿನಲ್ಲಿ ತಿಂಗಳಿಗೊಮ್ಮೆ ಖಾತೆ ಶಿಬಿರ ನಡೆಸಲು ಒತ್ತಾಯಿಸುವುದರಿಂದ ಜನರಿಗೂ ಅನುಕೂಲ, ಬೊಕ್ಕಸಕ್ಕೂ ಲಾಭ.

ನಗರ ಸಂಸ್ಥೆಗಳು ತಮ್ಮ ನಿಧಿಯಲ್ಲಿ ಶೇ 24.10ರಷ್ಟನ್ನು ಪರಿಶಿಷ್ಟ ಜಾತಿ ಮತ್ತು ಪಂಗಡದವರ ಕಲ್ಯಾಣಕ್ಕೆ, ಶೇ 7.25ರಷ್ಟನ್ನು ಇತರ ಬಡವರಿಗೆ, ಶೇ 5ರಷ್ಟನ್ನು ಅಂಗವಿಕಲರಿಗೆ ತೆಗೆದಿರಿಸಬೇಕೆಂಬ ಸೂಚನೆ ಇದೆ. ಈ ಹಣ ವೆಚ್ಚವಾಗದೆ ಉಳಿಯುವುದು ಅಥವಾ ಬೇರೆ ಉದ್ದೇಶಕ್ಕೆ ಬಳಕೆಯಾಗುವುದು ಲೆಕ್ಕಪರಿಶೋಧನೆಯ ಸಾಮಾನ್ಯ ಆಕ್ಷೇಪ. ಇದರ ಬೆನ್ನು ಹತ್ತುವ ಸದಸ್ಯನಿಗೆ ಹೊಸ ಅನುದಾನ ಬೇಕಿಲ್ಲ. ಇರುವ ಕಾನೂನೇ ಆತನ ಬೆನ್ನಿಗಿದೆ.

ಟೆಂಡರ್ ಪ್ರಕ್ರಿಯೆಗೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಅನ್ವಯಿಸುತ್ತದೆ. ಕಾಮಗಾರಿಯ ಅಂದಾಜುಪಟ್ಟಿ, ಅಳತೆ ಪುಸ್ತಕ, ಬಿಲ್‌ಗಳ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾವ ನಾಗರಿಕನೂ ಕೇಳಬಹುದು. ಸ್ಪರ್ಧಿಸುವ ಇಚ್ಛೆಯುಳ್ಳವರು ಚುನಾವಣೆಗೆ ವರ್ಷ ಮುನ್ನವೇ ತಮ್ಮ ವಾರ್ಡಿನ ಹಿಂದಿನ ಐದು ವರ್ಷದ ಕಾಮಗಾರಿಗಳ ಪಟ್ಟಿಯನ್ನು ಪಡೆದು, ಅವು ಸ್ಥಳದಲ್ಲಿವೆಯೇ ಎಂದು ನೋಡಿ ಬಂದರೆ ಅದಕ್ಕಿಂತ ಉತ್ತಮ ತರಬೇತಿ ಬೇರೊಂದಿಲ್ಲ.

ಸಭೆಯೇ ಶಾಲೆ

ಗೆದ್ದ ಬಳಿಕ ಸದಸ್ಯನ ಕೆಲಸ ನಡೆಯುವ ಜಾಗ ಸಾಮಾನ್ಯ ಸಭೆ. ಕಾರ್ಯಸೂಚಿಯನ್ನು ಮೊದಲೇ ಓದಿ ಬರುವುದು, ಹಿಂದಿನ ಸಭೆಯ ನಡಾವಳಿಯಲ್ಲಿ ತಾನು ಆಡಿದ ಮಾತು ದಾಖಲಾಗಿದೆಯೇ ಎಂದು ಪರಿಶೀಲಿಸುವುದು, ಒಪ್ಪದ ನಿರ್ಣಯಕ್ಕೆ ಲಿಖಿತ ಆಕ್ಷೇಪ ದಾಖಲಿಸುವುದು ಮೂಲಪಾಠಗಳು. ಪಾಲಿಕೆಗಳಲ್ಲಿ ತೆರಿಗೆ ಮತ್ತು ಹಣಕಾಸು, ಆರೋಗ್ಯ ಮತ್ತು ಸಾಮಾಜಿಕ ನ್ಯಾಯ, ನಗರ ಯೋಜನೆ, ಲೆಕ್ಕಪತ್ರ ವಿಷಯಗಳಿಗೆ ಸ್ಥಾಯಿ ಸಮಿತಿಗಳಿರುತ್ತವೆ. ಹೊಸಬರು ಕಾಮಗಾರಿ ಸಂಬಂಧಿತ ಸಮಿತಿಗೆ ಮುಗಿಬೀಳುವುದು ವಾಡಿಕೆ. ಲೆಕ್ಕಪತ್ರ ಸಮಿತಿಯಲ್ಲಿ ಒಂದು ವರ್ಷ ಕುಳಿತವನಿಗೆ ಇಡೀ ಪಾಲಿಕೆಯ ಒಳಹೊರಗು ಅರ್ಥವಾಗುತ್ತದೆ.

ಸಭೆಯನ್ನು ಜನರ ಬಳಿಗೆ ಒಯ್ಯುವುದು ಇದರ ಮುಂದಿನ ಹೆಜ್ಜೆ. 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕೆಂದು ಸಂವಿಧಾನದ 243ಎಸ್ ವಿಧಿ ಹೇಳುತ್ತದೆ. ಹುಬ್ಬಳ್ಳಿ–ಧಾರವಾಡದ 82, ಮೈಸೂರಿನ 65, ಮಂಗಳೂರಿನ 60 ವಾರ್ಡ್‌ಗಳಲ್ಲಿ ಪ್ರತಿಯೊಂದರಲ್ಲೂ ತಿಂಗಳಿಗೊಮ್ಮೆ ನಿವಾಸಿಗಳು ಸೇರಿ ತಮ್ಮ ಬೇಡಿಕೆಗಳ ಕ್ರಮವನ್ನು ತಾವೇ ನಿರ್ಧರಿಸಿದರೆ ಬಜೆಟ್‌ನ ಸ್ವರೂಪವೇ ಬದಲಾಗುತ್ತದೆ. ವಾರ್ಡ್ ಸಮಿತಿ ತಮ್ಮ ಅಧಿಕಾರಕ್ಕೆ ಪೈಪೋಟಿ ಎಂದು ಭಾವಿಸುವ ಸದಸ್ಯರೂ ಇದ್ದಾರೆ. ಯುವ ಅಭ್ಯರ್ಥಿ ತಾನು ಯಾವ ಪಕ್ಷದಲ್ಲಿದ್ದೇನೆ ಎಂಬುದಕ್ಕಿಂತ ವಾರ್ಡ್ ಸಮಿತಿ ನಡೆಸುತ್ತೇನೆಯೇ ಇಲ್ಲವೇ ಎಂಬುದನ್ನು ಮೊದಲು ಹೇಳಬೇಕು.

ಗ್ರಾಮ ಪಂಚಾಯಿತಿಗಳಲ್ಲಿ ಈ ಪಾತ್ರವನ್ನು ವಾರ್ಡ್ ಸಭೆ ಮತ್ತು ಗ್ರಾಮಸಭೆ ನಿರ್ವಹಿಸುತ್ತವೆ. ಫಲಾನುಭವಿಗಳ ಆಯ್ಕೆ ನಡೆಯಬೇಕಾದದ್ದು ಅಲ್ಲಿಯೇ ಹೊರತು ಸದಸ್ಯನ ಮನೆಯ ಜಗುಲಿಯಲ್ಲಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿ ರೂಪಾಂತರಗೊಂಡಿರುವುದು ಯುವ ಸದಸ್ಯರು ಗಮನಿಸಬೇಕಾದ ಬೆಳವಣಿಗೆ. ಸಂಜೆ ಮಕ್ಕಳು ಕುಳಿತು ಓದಲು ಬೆಳಕು, ಕುರ್ಚಿ, ಪುಸ್ತಕ ಒದಗಿಸುವುದಕ್ಕೆ ದೊಡ್ಡ ಮೊತ್ತ ಬೇಕಿಲ್ಲ. ಚುನಾಯಿತರ ತರಬೇತಿಗಾಗಿ ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬ್ ಹೆಸರಿನ ಸಂಸ್ಥೆಯಿದೆ. 1980ರ ದಶಕದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿ ಊರೂರಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಅವರು, 73ನೇ ತಿದ್ದುಪಡಿಗೆ ವರ್ಷಗಳ ಮುನ್ನವೇ 1983ರ ಕಾಯ್ದೆಯ ಮೂಲಕ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಜೀವ ತುಂಬಿದವರು.

ಮಹಿಳಾ ಸದಸ್ಯೆಯ ಹಕ್ಕು

ಕರ್ನಾಟಕದ ಪಂಚಾಯಿತಿಗಳಲ್ಲಿ 2010ರಿಂದ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. 2015ರ ಬೆಂಗಳೂರು ಪಾಲಿಕೆ ಚುನಾವಣೆಯಲ್ಲೂ ಅರ್ಧದಷ್ಟು ವಾರ್ಡ್‌ಗಳು ಮಹಿಳೆಯರಿಗಿದ್ದವು. ಆದರೆ ಪತ್ನಿ ಗೆದ್ದ ವಾರ್ಡಿನಲ್ಲಿ ಪತಿಯೇ ಕಡತ ನೋಡುವ, ಅಧಿಕಾರಿಗಳಿಗೆ ಕರೆ ಮಾಡುವ, ಸಭೆಯಲ್ಲಿ ಹಿಂದಿನ ಕುರ್ಚಿಯಲ್ಲಿ ಕುಳಿತು ಸೂಚನೆ ಕೊಡುವ ರೂಢಿ ಅಳಿದಿಲ್ಲ.

ಓದಿದ, ಸ್ವತಂತ್ರವಾಗಿ ಯೋಚಿಸುವ ಯುವತಿಯರು ಕಣಕ್ಕಿಳಿದಾಗ ಈ ರೂಢಿಗೆ ಪೆಟ್ಟು ಬೀಳುತ್ತದೆ. ನಾಮಪತ್ರದ ದಿನದಿಂದಲೇ ತನ್ನ ದೂರವಾಣಿ ಸಂಖ್ಯೆಯನ್ನೇ ಕರಪತ್ರದಲ್ಲಿ ಮುದ್ರಿಸುವುದು, ಭಾಷಣ ತಾನೇ ಮಾಡುವುದು, ಗೆದ್ದ ಮೇಲೆ ತಪಾಸಣೆಗೆ ತಾನೇ ಹೋಗುವುದು ಸಣ್ಣ ಸಂಗತಿಗಳಂತೆ ಕಂಡರೂ ವಾರ್ಡಿನ ಜನ ಯಾರನ್ನು ಸದಸ್ಯರೆಂದು ಗುರುತಿಸುತ್ತಾರೆ ಎಂಬುದನ್ನು ಅವೇ ನಿರ್ಧರಿಸುತ್ತವೆ. ಮೀಸಲಾತಿ ಸರದಿಯಂತೆ ಬದಲಾಗುವುದರಿಂದ ಮುಂದಿನ ಅವಧಿಯಲ್ಲಿ ಅದೇ ವಾರ್ಡ್ ದೊರೆಯುತ್ತದೆಂಬ ಖಾತ್ರಿ ಯಾರಿಗೂ ಇಲ್ಲ. ಮಾಡಬೇಕಾದ ಕೆಲಸವನ್ನು ಮೊದಲ ಅವಧಿಯಲ್ಲೇ ಮಾಡಬೇಕು.

ಆಮಿಷದ ಪರೀಕ್ಷೆ

2020ರ ಗ್ರಾಮ ಪಂಚಾಯಿತಿ ಚುನಾವಣೆಯ ವೇಳೆ ರಾಜ್ಯದ ಕೆಲವೆಡೆ ಸದಸ್ಯ ಸ್ಥಾನಗಳನ್ನು ಹರಾಜು ಹಾಕಿದ ವರದಿಗಳು ಬಂದವು. ದೇವಸ್ಥಾನದ ಜೀರ್ಣೋದ್ಧಾರಕ್ಕೋ ಊರಿನ ಕೆಲಸಕ್ಕೋ ಹಣ ಕೊಟ್ಟವರನ್ನು ಅವಿರೋಧವಾಗಿ ಆರಿಸುವ ಈ ಪದ್ಧತಿಯ ವಿರುದ್ಧ ರಾಜ್ಯ ಚುನಾವಣಾ ಆಯೋಗ ಎಚ್ಚರಿಕೆ ನೀಡಿತು. ಹರಾಜಿನಲ್ಲಿ ಮೊದಲು ಸೋಲುವವನು ಹಣವಿಲ್ಲದ ಯುವಕ. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆಯ ಮೇಲೆ ಚುನಾವಣೆ ನಡೆಯುವುದಿಲ್ಲ. ಸಾಮಾನ್ಯನೂ ಸ್ಪರ್ಧಿಸಲಿ ಎಂಬುದು ಅದರ ಆಶಯ. ಆ ಆಶಯವನ್ನು ಹರಾಜು ಬುಡಮೇಲು ಮಾಡುತ್ತದೆ.

ಆಮಿಷ ಗೆಲುವಿನೊಂದಿಗೆ ಮುಗಿಯುವುದಿಲ್ಲ. 75 ಸದಸ್ಯಬಲದ ವಿಧಾನ ಪರಿಷತ್ತಿನಲ್ಲಿ 25 ಸ್ಥಾನಗಳಿಗೆ ಸ್ಥಳೀಯ ಸಂಸ್ಥೆಗಳ ಸದಸ್ಯರೇ ಮತದಾರರು. ಅಧ್ಯಕ್ಷ, ಮೇಯರ್ ಆಯ್ಕೆಯ ಸಂದರ್ಭದಲ್ಲಿ ಸದಸ್ಯರನ್ನು ರೆಸಾರ್ಟ್‌ಗೆ ಕರೆದೊಯ್ಯುವುದು ಸಣ್ಣ ಪಟ್ಟಣಗಳಿಗೂ ಹಬ್ಬಿದ ರೋಗ. ಪಕ್ಷದ ಚಿಹ್ನೆಯಡಿ ಗೆದ್ದು ಸಚೇತಕಾಜ್ಞೆ ಉಲ್ಲಂಘಿಸುವವರ ಸದಸ್ಯತ್ವ ರದ್ದುಗೊಳಿಸಲು 1987ರ ಕರ್ನಾಟಕ ಸ್ಥಳೀಯ ಪ್ರಾಧಿಕಾರಗಳ ಪಕ್ಷಾಂತರ ನಿಷೇಧ ಕಾಯ್ದೆ ಅವಕಾಶ ನೀಡುತ್ತದೆ. ಮೊದಲ ಬಾರಿ ಗೆದ್ದವರು ಮೊದಲ ತಿಂಗಳಲ್ಲೇ ಈ ಪರೀಕ್ಷೆಯನ್ನು ಎದುರಿಸುತ್ತಾರೆ.

ಕೇರಳದ ನಿದರ್ಶನ

2020ರ ಡಿಸೆಂಬರ್‌ನಲ್ಲಿ ಕೇರಳದ ತಿರುವನಂತಪುರ ಪಾಲಿಕೆಯ ಮೇಯರ್ ಆಗಿ 21 ವರ್ಷದ ಆರ್ಯಾ ರಾಜೇಂದ್ರನ್ ಆಯ್ಕೆಯಾದರು. ಆಗ ಅವರಿನ್ನೂ ಗಣಿತ ಪದವಿಯ ವಿದ್ಯಾರ್ಥಿನಿ. ಅದೇ ಚುನಾವಣೆಯಲ್ಲಿ ಪತ್ತನಂತಿಟ್ಟ ಜಿಲ್ಲೆಯ ಅರುವಾಪ್ಪುಲಂ ಗ್ರಾಮ ಪಂಚಾಯಿತಿಗೆ ಅಷ್ಟೇ ವಯಸ್ಸಿನ ರೇಷ್ಮಾ ಮರಿಯಂ ರಾಯ್ ಅಧ್ಯಕ್ಷೆಯಾದರು. ಇಬ್ಬರಿಗೂ ವಿದ್ಯಾರ್ಥಿ ಮತ್ತು ಯುವ ಸಂಘಟನೆಗಳ ಹಿನ್ನೆಲೆ ಇತ್ತು.

ಆರ್ಯಾ ಅವರ ಅವಧಿ ಹೊಗಳಿಕೆಯಷ್ಟೇ ಟೀಕೆಯನ್ನೂ ಕಂಡಿತು. 2025ರ ಡಿಸೆಂಬರ್ ಚುನಾವಣೆಯಲ್ಲಿ ಅವರ ಪಕ್ಷ ಆ ಪಾಲಿಕೆಯಲ್ಲಿ ಅಧಿಕಾರ ಕಳೆದುಕೊಂಡಿತು. ವಯಸ್ಸು ಮೊದಲ ದಿನದ ಸುದ್ದಿಯಾಗಬಹುದು, ಐದನೆಯ ವರ್ಷಕ್ಕೆ ಜನ ಕೇಳುವುದು ಕೆಲಸದ ಲೆಕ್ಕವನ್ನೇ ಎಂಬ ಪಾಠ ಇಲ್ಲಿದೆ. ಮತ್ತೊಂದು ಪಾಠವೂ ಇದೆ. ಕೇರಳದಲ್ಲಿ 2020ರ ಬಳಿಕ ಐದು ವರ್ಷಕ್ಕೆ ಸರಿಯಾಗಿ 2025ರಲ್ಲಿ ಚುನಾವಣೆ ನಡೆಯಿತು. ಯುವತಿಯೊಬ್ಬಳನ್ನು ಮೇಯರ್ ಮಾಡುವ ಅವಕಾಶವೂ, ಆಕೆಯ ಪಕ್ಷವನ್ನು ಸೋಲಿಸುವ ಅವಕಾಶವೂ ಮತದಾರನಿಗೆ ಸಕಾಲಕ್ಕೆ ದೊರೆಯಿತು.

ನಡೆಯದ ಚುನಾವಣೆಯ ನಷ್ಟ

ಕರ್ನಾಟಕದಲ್ಲಿ ಈ ಮಾತು ಹೇಳುವಂತಿಲ್ಲ. ಬೆಂಗಳೂರು ಪಾಲಿಕೆಯ ಚುನಾಯಿತ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದು ಆಡಳಿತಾಧಿಕಾರಿಗಳ ಆಡಳಿತ ಆರಂಭವಾಯಿತು. 2016ರ ಫೆಬ್ರುವರಿಯಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಕೊನೆಗೊಂಡಿತು. 2025ರ ಅಂತ್ಯದವರೆಗೂ ಈ ಮೂರಕ್ಕೂ ಚುನಾವಣೆ ನಡೆಯಲಿಲ್ಲ. ಕ್ಷೇತ್ರ ಮರುವಿಂಗಡಣೆ, ಹಿಂದುಳಿದ ವರ್ಗಗಳ ಮೀಸಲಾತಿ, ಹೊಸ ಕಾಯ್ದೆ ಎಂಬ ಕಾರಣಗಳು ಒಂದರ ಹಿಂದೆ ಒಂದರಂತೆ ಬಂದವು.

ಚುನಾವಣೆ ನಡೆದ ಕಡೆಯೂ ಎಲ್ಲವೂ ಸರಿಯಿರಲಿಲ್ಲ. 2018ರ ಆಗಸ್ಟ್‌ನಲ್ಲಿ ಆಯ್ಕೆಯಾದ ಪುರಸಭೆ, ನಗರಸಭೆಗಳ ಸದಸ್ಯರು ಅಧ್ಯಕ್ಷ–ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ವಿವಾದದಿಂದಾಗಿ ಎರಡು ವರ್ಷ ಅಧಿಕಾರ ವಹಿಸಿಕೊಳ್ಳಲಾಗದೆ ಕಾದರು. ಮೊದಲ 30 ತಿಂಗಳ ಅಧ್ಯಕ್ಷಾವಧಿ 2023ರಲ್ಲಿ ಮುಗಿದ ಬಳಿಕ ಎರಡನೆಯ ಅವಧಿಯ ಮೀಸಲಾತಿ ಪಟ್ಟಿ ಪ್ರಕಟವಾದದ್ದು 2024ರ ಆಗಸ್ಟ್‌ನಲ್ಲಿ. ಗೆದ್ದೂ ಸಭೆ ಕಾಣದ ಸದಸ್ಯರು ಊರಿನಲ್ಲಿ ಮುಖ ತೋರಿಸುವುದು ಹೇಗೆಂದು ಅಳಲು ತೋಡಿಕೊಳ್ಳುವಂತಾಯಿತು.

ಅವಧಿ ಮುಗಿಯುವ ಮುನ್ನವೇ ಚುನಾವಣೆ ಪೂರ್ಣಗೊಳ್ಳಬೇಕೆಂಬುದು ಸಂವಿಧಾನದ 243ಇ ಮತ್ತು 243ಯು ವಿಧಿಗಳ ಸ್ಪಷ್ಟ ಆದೇಶ. ಅಹಮದಾಬಾದ್ ಪಾಲಿಕೆಗೆ ಸಂಬಂಧಿಸಿದ 2006ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಪುನರುಚ್ಚರಿಸಿದೆ. ಶಾಸಕರು ಮತ್ತು ಅಧಿಕಾರಿಗಳಿಂದಲೇ ವಾರ್ಡ್ ನಡೆಯಬಹುದಾದರೆ ಚುನಾವಣೆಯ ಅಗತ್ಯವೇನು ಎಂಬ ವಾದ ಆಗಾಗ ಕೇಳಿಬರುತ್ತದೆ. ಲಕ್ಷಾಂತರ ಮತದಾರರ ಪ್ರತಿನಿಧಿಯಾದ ಶಾಸಕನಿಗೆ ಮೂರನೇ ಅಡ್ಡರಸ್ತೆಯ ಮೋರಿ ಕಾಣುವುದಿಲ್ಲ. ಆಡಳಿತಾಧಿಕಾರಿಯನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸುವ ಹಕ್ಕು ಆ ರಸ್ತೆಯ ನಿವಾಸಿಗಳಿಗಿಲ್ಲ.

ಹೀಗಾಗಿ ಯುವ ಅಭ್ಯರ್ಥಿಯ ಆದ್ಯತೆಗಳ ಪಟ್ಟಿಯಲ್ಲಿ ನೀರು, ಕಸ, ಲೆಕ್ಕ, ಸಭೆಗಳ ಜೊತೆಗೆ ಮತ್ತೊಂದು ಸೇರಬೇಕಿದೆ. ತನ್ನ ಅವಧಿ ಮುಗಿದಾಗ ಮುಂದಿನ ಚುನಾವಣೆ ಸಕಾಲಕ್ಕೆ ನಡೆಯಬೇಕೆಂದು, ತನಗೆ ಸೋಲಿನ ಭಯವಿದ್ದರೂ, ಬಹಿರಂಗವಾಗಿ ಒತ್ತಾಯಿಸುವ ಮಾತನ್ನು ಆತ ಮೊದಲೇ ಕೊಡಬೇಕು. ಹಿಂದಿನವರು ಹಾಗೆ ಒತ್ತಾಯಿಸಿದ್ದರೆ ಇಂದು ಕಾಯುತ್ತಿರುವವರ ಸಾಲು ಇಷ್ಟು ಉದ್ದ ಇರುತ್ತಿರಲಿಲ್ಲ.